ಕ್ಯಾಮೆರಾ ಕೇಸಿಗೆ ಹೊಸ ಫೋಮು, ಹಳೇದಕ್ಕೆ ಹಿಡಿಶಾಪ

ಹಾಂ, ಈ ವಿಡಿಯೋದಲ್ಲಿ ಮೊದ್ಲು ಕಾಣ್ತಿರೋದು ಕ್ಯಾಮೆರಾ ಕೇಸ್ ಒಳಗಿದ್ದ ಹಳೇ ಫೋಮು. ಸ್ವಲ್ಪ ಝೂಮ್ ಮಾಡಿದೀನಿ, ಆ ಎಡಗಡೆ ಮೂಲೆ ನೋಡಿ. ಬೆರಳು ಇಟ್ಟ ತಕ್ಷಣ ಕುಸಿದು ಹೋಗತ್ತೆ, ವಾಪಸ್ ಎದ್ದು ಬರೋದೇ ಇಲ್ಲ. ಪುಡಿ ಆಗತ್ತೆ, ಆ ಪುಡಿನಾದ್ರೂ ಒಣಗಿದ್ದಿದ್ರೆ ಬ್ಲೋಅರಲ್ಲಿ ಊದಿ ಮುಗಿಸ್ಬಹುದಿತ್ತು, ಇದು ಅಂಟು, ಈ ಬೆರಳಿಂದ ಬಿಡಿಸೋಕೆ ಹೋದ್ರೆ ಆ ಬೆರಳಿಗೆ, ಅಲ್ಲಿಂದ ಪ್ಯಾಂಟಿಗೆ, ಪ್ಯಾಂಟಿಂದ ಕುರ್ಚಿಗೆ.

ಈಗ ಬಂತಲ್ಲ, ಈ ಶಾಟ್ ನೋಡಿದ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ. ಲೆನ್ಸಿನ ಝೂಮ್ ರಿಂಗ್ ಮೇಲಿನ ರಬ್ಬರಲ್ಲಿ ಗೆರೆ ಗೆರೆ ಇರತ್ತಲ್ಲ, ಪ್ರತಿ ಗೆರೆ ಸಂದೀಲೂ ಕಪ್ಪು ಗಲೀಜು. ಕೇಸ್ ಮಾತ್ರ ಹೊರಗಿಂದ ಹೊಸದರ ಥರಾನೇ ಇದೆ, ನೀರು ಹೋಗಲ್ಲ, ಧೂಳು ಹೋಗಲ್ಲ, ಮೇಲಿಂದ ಬಿದ್ರೂ ಏನೂ ಆಗಲ್ಲ, ಎಲ್ಲಾ ನಿಜ, ಆದ್ರೆ ಲೆನ್ಸನ್ನ ಹಾಳು ಮಾಡ್ತಿರೋದು ಅದನ್ನ ಕಾಪಾಡೋಕೆ ಅಂತ ಒಳಗೆ ಹಾಕಿರೋ ವಸ್ತುನೇ. ಬ್ರಷ್ಷಿಗೆ ಬರಲಿಲ್ಲ. ಟೇಪ್ ಒತ್ತಿ ಎತ್ತಿದೆ, ಸ್ವಲ್ಪ ಬಂತು. ಕೊನೆಗೆ ಬಟ್ಟೆ ತುದಿಗೆ ಒಂಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಂಡು ಗೆರೆ ಗೆರೆ ಉಜ್ಜಿದ್ದು. ನೀವು ಮಾಡೋದಾದ್ರೆ ಬಟ್ಟೆಗೇ ಹಾಕ್ಕೊಳಿ, ಲೆನ್ಸ್ ಮೇಲೆ ನೇರ ಸುರೀಬೇಡಿ, ರಿಂಗ್ ಸಂದೀಲಿ ಒಳಗೆ ಇಳಿಯತ್ತೆ. ರಬ್ಬರ್ ಮೇಲಿದ್ದಿದ್ದು ಹೋಗ್ಲಿ ಬಿಡಿ, ಹಿಂದ್ಗಡೆ ಮೌಂಟ್ ಹತ್ರ, ಅಂದ್ರೆ ಲೆನ್ಸು ಕ್ಯಾಮೆರಾಗೆ ಕೂರೋ ಜಾಗದಲ್ಲಿ, ಒಂದು ಚೂರು ಇತ್ತು, ಅದು ಕ್ಯಾಮೆರಾ ಬಾಡಿ ಒಳಗೆ ಹೋಗಿ ಸೆನ್ಸರ್ ಮೇಲೆ ಕೂತಿದ್ರೆ ಆಮೇಲೆ ತೆಗೆದ ಪ್ರತಿ ಫೋಟೋದ ಆಕಾಶದಲ್ಲೂ ಅದೇ ಕಲೆ.

ಹೀಗ್ಯಾಕೆ ಆಗತ್ತೆ ಅಂದ್ರೆ ಕೇಸ್ ಜೊತೆ ಬರೋ ಮೆತ್ತನೆ ಫೋಮು ಸಾಮಾನ್ಯವಾಗಿ ಪಾಲಿಯುರೆಥೇನ್. ಅದ್ರಲ್ಲಿ ಎರಡು ಜಾತಿ ಇದೆ, ಪಾಲಿಎಸ್ಟರ್ ಇಂದ ಮಾಡಿದ್ದನ್ನ ಗಾಳೀಲಿರೋ ತೇವ ಮುರಿದು ಹಾಕತ್ತೆ, ಪಾಲಿಈಥರ್ ಇಂದ ಮಾಡಿದ್ದನ್ನ ಬೆಳಕು ಮತ್ತೆ ಆಮ್ಲಜನಕ ತಿನ್ನತ್ತೆ. ಅಂದ್ರೆ ಯಾವ್ದು ಸಿಕ್ಕಿದ್ರೂ ಒಂದಲ್ಲ ಒಂದಿನ ಪುಡಿ ಆಗೋದೇ. ನೀವು ಬಳಸ್ಲಿ ಬಿಡ್ಲಿ, ಕಪಾಟಲ್ಲಿ ಸುಮ್ನೆ ಇಟ್ಟಿದ್ರೂ ಆಗತ್ತೆ. ಗಾಳಿ ಆಡದ ಕೇಸಲ್ಲಿ ಇನ್ನೊಂದು ತಮಾಷೆ, ಮಳೆಗಾಲದಲ್ಲಿ ಒಂದ್ಸಲ ತೆಗೆದು ಮುಚ್ಚಿದ್ರೆ ಆ ತೇವನೂ ಒಳಗೇ ಲಾಕ್. ಪಾಲಿಯುರೆಥೇನನ್ನ 1937ರಲ್ಲಿ ಜರ್ಮನಿಯಲ್ಲಿ ಆಟೊ ಬೇಯರ್ ಅನ್ನೋರ ತಂಡ ಕಂಡುಹಿಡೀತು. ಮ್ಯೂಸಿಯಂನೋರಿಗೆ ಈ ಪುಡಿ ಆಗೋದೇ ದೊಡ್ಡ ತಲೆನೋವು ಗೊತ್ತಾ, ಹೋದ ಶತಮಾನದ ಫೋಮ್ ಕುರ್ಚಿ, ಗೊಂಬೆ, ಕಲಾಕೃತಿ ಎಲ್ಲಾ ಒಳಗಿಂದ್ಲೇ ಪುಡಿಯಾಗಿ ಉದುರ್ತಿದೆ, ಅದನ್ನ ಉಳಿಸೋದು ಹೇಗೆ ಅಂತ ಓದೋಕೇ ಜನ ಇದಾರೆ... ಅಯ್ಯೋ, ಶಾಟ್ ಮುಂದೆ ಹೋಯ್ತು.

ಇದು ಹೊಸ ಶೀಟು, ಪಾಲಿಎಥಿಲೀನ್. ಸಣ್ಣ ಸಣ್ಣ ಗುಳ್ಳೆ, ಪ್ರತಿಯೊಂದೂ ಮುಚ್ಕೊಂಡಿರತ್ತೆ, ಹಂಗಾಗಿ ನೀರು ಹೀರಲ್ಲ. ಅದೇ ಮ್ಯೂಸಿಯಂನೋರು ಹಳೇ ವಸ್ತುಗಳನ್ನ ಪೆಟ್ಟಿಗೇಲಿ ಇಡೋಕೆ ಇಂಥದ್ದನ್ನೇ ಬಳಸ್ತಾರೆ, ನಂಗೆ ಅಷ್ಟು ಸಾಕು. ತಗೊಳ್ಳೋವಾಗ ಡೆನ್ಸಿಟಿ ನೋಡಿ, ಘನ ಮೀಟರಿಗೆ 30ರಿಂದ 45 ಕೆಜಿ ಒಳಗಿಂದು ಕ್ಯಾಮೆರಾಗೆ ಸರಿ. ಗಟ್ಟಿ ಇದ್ದಷ್ಟೂ ಭದ್ರ ಅನ್ನೋದು ಶುದ್ಧ ಸುಳ್ಳು. ಫೋಮು ಒಳಗೆ ಒತ್ಕೊಂಡ್ರೆ ತಾನೇ ಪೆಟ್ಟು ತಗೊಳ್ಳೋದು, ಹಲಗೆ ಥರ ನಿಂತ್ರೆ ಕೇಸಿಗೆ ಬಿದ್ದ ಏಟು ಸೀದಾ ಕ್ಯಾಮೆರಾಗೆ.

ಚೌಕ ಚೌಕ ಕಿತ್ತು ತೆಗೆಯೋ ಫೋಮ್ ಸಾಕಲ್ವಾ ಅಂತ ಕೇಳೋರಿಗೆ, ಸಾಕಾಗಲ್ಲ. ಒಂದೇ ಸಾಲು ಚೌಕದ ಗೋಡೆ ಬಿಟ್ರೆ ನಾಕು ಸಲ ಲೆನ್ಸ್ ತೆಗೆದಿಡೋಷ್ಟರಲ್ಲಿ ವಾಲ್ಕೊಂಡು ಹರಿಯತ್ತೆ. ಎರಡು ಸಾಲು ಬಿಟ್ರೆ ಅರ್ಧ ಕೇಸು ಗೋಡೆಗೇ ಹೋಯ್ತು. ಅದೂ ಸಾಮಾನ್ಯವಾಗಿ ಪಾಲಿಯುರೆಥೇನೇ, ಮತ್ತೆ ಅದೇ ಗಲೀಜು.

ಇಲ್ಲಿ ಪೇಪರ್ ಮೇಲೆ ಎಲ್ಲಾ ಜೋಡಿಸ್ತಿದೀನಿ, ಫಾಸ್ಟ್ ಮಾಡಿದೀನಿ ನೋಡ್ಕೊಳಿ. ಕ್ಯಾಮೆರಾ ಬಾಡಿ ಸುತ್ತ ಪೆನ್ಸಿಲ್ ಎಳೀಬೇಕಾದ್ರೆ ಪೆನ್ಸಿಲ್ ನೆಟ್ಟಗೆ ಹಿಡೀರಿ, ವಾಲಿಸಿದ್ರೆ ಗೆರೆ ಹೊರಗೆ ಹೋಗಿ ಗುಂಡಿ ದೊಡ್ಡದಾಗತ್ತೆ, ಕ್ಯಾಮೆರಾ ಒಳಗೆ ಲಟಲಟ ಅನ್ನತ್ತೆ. ಲೆನ್ಸಿಗೆ ಗೆರೆ ಎಳೆಯೋದೇ ಬೇಡ, ಕ್ಯಾಲಿಪರಲ್ಲಿ ವ್ಯಾಸ ಅಳೆದು ಕೈವಾರದಲ್ಲಿ ಸುತ್ತಿದ್ರಾಯ್ತು, ಲೆನ್ಸ್ ಮುಂದೆ ಬೆಳಕು ತಡೆಯೋಕೆ ಹಾಕೋ ಹುಡ್ ಇರತ್ತಲ್ಲ, ಅದನ್ನ ಉಲ್ಟಾ ಹಾಕಿ ಅಳೀರಿ ಅಷ್ಟೇ, ಅದೇ ಅಗಲ ಜಾಸ್ತಿ. ಲೆನ್ಸ್‌ಗಳು ನಿಂತಿರ್ಲಿ, ಮಲಗಿಸಿದ್ರೆ ಜಾಗ ದಂಡ. ಗುಂಡಿ ಗುಂಡಿ ನಡುವೆ 2 ಸೆಂಟಿಮೀಟರ್, ಕೇಸ್ ಅಂಚಿಗೆ ಎರಡೂವರೆ, ತಳಕ್ಕೂ ಎರಡೂವರೆ. ದೂರದ್ದನ್ನ ಹತ್ರ ತೋರಿಸೋ ಉದ್ದ ಟೆಲಿ ಲೆನ್ಸನ್ನ ಕ್ಯಾಮೆರಾ ಬಾಡಿಗೇ ಹಾಕಿಡ್ತೀನಿ ಅನ್ನೋರು ಲೆನ್ಸ್ ಕೆಳಗೂ ಫೋಮ್ ಆಸರೆ ಕೊಡಿ, ಇಲ್ಲಾಂದ್ರೆ ಭಾರ ಪೂರ್ತಿ ಮೌಂಟ್ ಮೇಲೆ ನೇತಾಡತ್ತೆ. ನಾನು ಬಿಚ್ಚೇ ಇಡೋದು.

ಕಟ್ ಮಾಡೋದು. ನಂಗೆ ಎಲೆಕ್ಟ್ರಿಕ್ ಚಾಕು ಬೇಡ ಅನ್ನಿಸ್ತಿತ್ತು, ಸುಮ್ನೆ ಶೋಕಿ ಅಂತ. ಆದ್ರೆ ಉದ್ದ ನೇರ ಗೆರೆಗೆ ಅದೇ ವಾಸಿ, ಎರಡು ಬ್ಲೇಡು ಹಿಂದೆ ಮುಂದೆ ಆಡ್ತಾ ಹೋಗತ್ತೆ, ಫೋಮು ಒತ್ತಿಕೊಳ್ಳೋದೇ ಇಲ್ಲ. ಮೂಲೆಗೆ ಬಂದಾಗ ಮಾತ್ರ ಕೆಟ್ಟದು, ಅಲ್ಲಿ ತುದಿ ಮುರಿಯೋ ಕಟರೇ, ಬ್ಲೇಡು ಪೂರ್ತಿ ಹೊರಗೆ ಎಳೆದು, ಗರಗಸದ ಥರ. ಒಂದೇ ಏಟಿಗೆ ಒತ್ತಿದ್ರೆ ಮೇಲೆ ಸರಿ ಕಾಣತ್ತೆ, ಕೆಳಗೆ ಗೋಡೆ ಹೊಟ್ಟೆ ಬಿಟ್ಟಿರತ್ತೆ. ಇನ್ನು ಬಿಸಿ ತಂತೀಲಿ ಕೊಯ್ಯೋದು. ಪಾಲಿಯುರೆಥೇನಿಗೆ ಬಿಸಿ ತಂತಿ ತಗುಲಿಸ್ಲೇಬೇಡಿ, ಅದು ಸುಟ್ರೆ ಬರೋ ಹೊಗೇಲಿ ಸಯನೈಡ್ ಅನಿಲ, ಐಸೊಸಯನೇಟ್ ಥರದ ವಿಷ ಎಲ್ಲಾ ಇರತ್ತೆ. ಪಾಲಿಎಥಿಲೀನ್ ಕರಗತ್ತೆ, ಅಂಚು ನುಣ್ಣಗೆ ಬರತ್ತೆ, ಆದ್ರೂ ಕಿಟಕಿ ತೆಗೆದಿಡಿ.

ಇದು ಗಮನಿಸಿ, ಮೇಲಿನ ಈ ಪದರನ ಪೂರ್ತಿ ಆಚೆವರೆಗೂ ಕೊರೆದಿದೀನಿ, ಕೆಳಗಿನ ಪದರ ಇಡಿಯಾಗಿದೆ. ಗುಂಡೀನ ಅರ್ಧ ಆಳಕ್ಕೆ ನಿಲ್ಲಿಸಿ ಉಗುರಲ್ಲಿ ಕೆರೆಯೋ ಕರ್ಮ ಇಲ್ಲ. ಚಿಕ್ಕ ಲೆನ್ಸ್ ಜಾಸ್ತಿ ಒಳಗೆ ಹೋಗ್ತಿದೆಯಾ, ಕೊರೆದಾಗ ಬಂತಲ್ಲ ಉರುಳೆ, ಅದನ್ನೇ ಬೇಕಾದಷ್ಟು ದಪ್ಪ ಸೀಳಿ ತಳಕ್ಕೆ ಹಾಕಿ. ಅಳತೆ ಹೆಂಗೂ ಅದೇ, ಸರಿಯಾಗಿ ಕೂರತ್ತೆ. ಹಂಗಾಗಿ ಆ ತುಂಡುಗಳನ್ನ ಕಸಕ್ಕೆ ಹಾಕ್ಬೇಡಿ.

ಕೆಳಗಿನ ಪದರ ಹಳದಿ ಯಾಕೆ ಅಂದ್ರೆ, ಚೆಂದಕ್ಕಲ್ಲ. ವಿಮಾನ ರಿಪೇರಿ ಮಾಡೋರ ಟೂಲ್ ಟ್ರೇ ನೋಡಿ, ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಒಂದು ಸ್ಪ್ಯಾನರ್ ವಾಪಸ್ ಬಂದಿಲ್ಲ ಅಂದ್ರೆ ಅದರ ಆಕಾರ ಕಣ್ಣಿಗೆ ರಾಚತ್ತೆ, ಅದು ಸಿಗೋವರೆಗೂ ವಿಮಾನ ಬಿಡಲ್ಲ. ನಮ್ದು ವಿಮಾನ ಅಲ್ಲ, ಆದ್ರೆ ರಾತ್ರಿ ಶೂಟ್ ಮುಗಿದು ಕತ್ತಲಲ್ಲಿ ಪ್ಯಾಕ್ ಮಾಡ್ಬೇಕಾದ್ರೆ ಮೈಕಿನ ರಿಸೀವರ್ ಬಿಟ್ಟು ಬಂದಿದೀವಾ ಅಂತ ಕಾಣೋಕೆ ಈ ಹಳದಿ ಸಾಕು. ಕಪ್ಪು ಮೇಲೆ ಕಪ್ಪು ಫೋಮ್ ಮಾಡೋರಿಗೆ ಏನು ಹೇಳೋದು, ಸಾಮಾನೆಲ್ಲಾ ಕಪ್ಪು, ಗುಂಡೀನೂ ಕಪ್ಪು.

ಬೆರಳಿಗೆ ಜಾಗ ಮರೀಬೇಡಿ, ಎರಡೂ ಕಡೆ ಅರ್ಧ ಚಂದ್ರ ಕೊರೀರಿ. ಇಲ್ಲಾಂದ್ರೆ ಲೆನ್ಸನ್ನ ಕ್ಯಾಪ್ ಹಿಡ್ದು ಎಳೀತೀರ, ಕ್ಯಾಪ್ ಕೈಗೆ ಬರತ್ತೆ, ಲೆನ್ಸ್ ಅಲ್ಲೇ. ಬಾಡಿ ಗುಂಡೀಲಿ ಪವರ್ ಸ್ವಿಚ್ ಮತ್ತೆ ಶಟರ್ ಬಟನ್ ಇರೋ ಕಡೆ ಒಂದು ಬೆರಳಷ್ಟು ಜಾಸ್ತಿ ತೆಗೀರಿ, ಫೋಮು ಉಜ್ಜಿ ಸ್ವಿಚ್ ಆನ್ ಆದ್ರೆ ಮುಚ್ಚಿದ ಕೇಸ್ ಒಳಗೆ ಕ್ಯಾಮೆರಾ ಬಿಸಿ ಆಗ್ತಾ ಕೂತಿರತ್ತೆ.

ಈಗ ನಿಜ ಹೇಳ್ಲಾ? ಇಷ್ಟೆಲ್ಲಾ ಕೊರೆದ ಮೇಲೆ ನಾಳೆ ಹೊಸ ಲೆನ್ಸ್ ಬಂದ್ರೆ ಈ ಪದರ ಕಥೆ ಮುಗೀತು, ಅದಕ್ಕಿಂತ ವೆಲ್ಕ್ರೋ ಹಾಕಿ ಜರುಗಿಸೋ ಪಾರ್ಟಿಷನ್ನೇ ಬುದ್ಧಿವಂತಿಕೆ. ಹಂ, ಅಲ್ಲ, ಅದ್ರಲ್ಲಿ ಕೇಸ್ ಉಲ್ಟಾ ಆದ್ರೆ ಚಿಕ್ಕ ಸಾಮಾನು ಪಕ್ಕದ ಮನೆಗೆ ಜಾರತ್ತೆ. ಬ್ಯಾಗಿಗೆ ಪಾರ್ಟಿಷನ್, ಗಾಡೀಲಿ ಎಸೆದು ಹೋಗೋ ಕೇಸಿಗೆ ಕೊರೆದ ಫೋಮು, ಸದ್ಯಕ್ಕೆ ಹಿಂಗೆ ಅಂದ್ಕೊಂಡಿದೀನಿ, ಬದಲಾದ್ರೆ ಕೇಳ್ಬೇಡಿ.

ಅಂಟು. ಪಾಲಿಎಥಿಲೀನಿಗೆ ಅಂಟು ಹಿಡಿಯೋದೇ ಕಷ್ಟ, ಅದರ ಮೈಗೆ ಏನೂ ಸರಿಯಾಗಿ ಕಚ್ಕೊಳ್ಳಲ್ಲ. ಹೀಟ್ ಗನ್ನಲ್ಲಿ ಎರಡೂ ಪದರದ ಮೈ ಹೊಳಪು ಬರೋವರೆಗೆ ಕಾಯಿಸಿ ತಕ್ಷಣ ಒತ್ತಿದ್ರೆ ತಾನೇ ಬೆಸೆಯತ್ತೆ, ಇಲ್ಲಿ ಮಾಡ್ತಿರೋದು ಅದೇ. ಸ್ಪ್ರೇ ಅಂಟು ಬಳಸೋರು ವಾಸನೆ ಪೂರ್ತಿ ಹೋಗೋವರೆಗೂ ಕೇಸ್ ತೆರೆದೇ ಇಡಿ, ಆ ಆವಿ ಗಾಜಿನ ಮೇಲೆ ಪೊರೆ ಕಟ್ಟತ್ತೆ.

ಕೊನೇ ಗುಂಡಿ, ಈ ಸಣ್ಣದು, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣಕ್ಕೆ. ಪಕ್ಕದ್ದು ಬ್ಯಾಟರಿಗೆ, ಅದರ ಲೋಹದ ತುದಿಗಳಿಗೆ ಕ್ಯಾಪ್ ಹಾಕಿ, ಬಿಚ್ಚಿಟ್ಟು ಚಿಲ್ಲರೆ ಜೊತೆ ಹಾಕಿದ್ರೆ ಶಾರ್ಟ್ ಆಗತ್ತೆ. ಮುಚ್ಚಳಕ್ಕೆ ಉಬ್ಬು ತಗ್ಗಿನ ಫೋಮ್ ಹಾಕೋದು ತೋರಿಸ್ಬೇಕಿತ್ತು, ಮೆಮೊರಿ ಕಾರ್ಡ್ ಫುಲ್ ಆಗಿ ಇಲ್ಲಿಗೇ ಕಟ್ ಆಗಿದೆ, ಅಳತೆ ಬೇಕಾದೋರು ಕೇಳಿ ಹೇಳ್ತೀನಿ.