ಮನೆಯ ಲೈಟು ಇಂಟರ್ನೆಟ್‌ಗೆ ಕಾಯಬಾರದು

ಈ ಶಾಟ್ ನೋಡಿ. ರೂಟರ್ ಹಿಂದಿನ ಇಂಟರ್ನೆಟ್ ಕೇಬಲ್ ಎಳೆದು ತೆಗೆದಿದ್ದೇನೆ. ರೂಟರ್ ಆನ್ ಇದೆ, ವೈಫೈ ಇದೆ, ಆದರೆ ಇಂಟರ್ನೆಟ್ ಇಲ್ಲ. ಈಗ ಮೆಟ್ಟಿಲ ಕಡೆ ನಡೆದು ಹೋಗುತ್ತೇನೆ. ಲೈಟ್ ಬಂತು. ಸ್ಟೋರ್ ರೂಮಿನ ಬಾಗಿಲು ತೆಗೆದೆ, ಅಲ್ಲೂ ಬಂತು. ಗೋಡೆಗೆ ಅಂಟಿಸಿರುವ ಈ ಚಿಕ್ಕ ಬಟನ್ ಒತ್ತಿದೆ, ಹಾಲಿನ ಲೈಟುಗಳೆಲ್ಲ ಒಟ್ಟಿಗೆ ಆಫ್ ಆದವು.

ಸ್ಮಾರ್ಟ್ ಹೋಮ್‌ಗೆ ಯಾವ ಕಂಟ್ರೋಲರ್, ಅಂದರೆ ಸೆನ್ಸರ್ ಮತ್ತು ಲೈಟುಗಳನ್ನೆಲ್ಲ ನಡೆಸುವ ಹಬ್, ತಗೊಳ್ಳಲಿ ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನೇ. ಕೇಬಲ್ ತೆಗೆದ ಮೇಲೂ ಎಲ್ಲ ಮಾಮೂಲಿನಂತೆ ನಡೆಯುತ್ತಾ? ನಡೆದರೆ ಉಳಿದದ್ದನ್ನು ಮಾತಾಡೋಣ. ನಡೆಯದಿದ್ದರೆ, ಆ್ಯಪ್ ಎಷ್ಟೇ ಚೆನ್ನಾಗಿರಲಿ, ನಾನು ಆ ಡಬ್ಬಿಯನ್ನು ಮನೆಗೆ ತರುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕ್ಲೌಡ್ ನಂಬಿಕೊಂಡ ಹಬ್‌ನಲ್ಲಿ ಏನಾಗುತ್ತದೆ ಅಂದರೆ, ನೀವು ಮೆಟ್ಟಿಲ ಹತ್ತಿರ ಬಂದದ್ದನ್ನು ಸೆನ್ಸರ್ ನೋಡುತ್ತದೆ, ಆ ಸುದ್ದಿ ಹಬ್‌ಗೆ ಹೋಗುತ್ತದೆ, ಅಲ್ಲಿಂದ ರೂಟರ್, ರೂಟರ್‌ನಿಂದ ಎಲ್ಲೋ ದೂರದ ಸರ್ವರ್, ಅಲ್ಲಿ ನಿಮ್ಮ ರೂಲ್ ಓದಿ, ಲೈಟ್ ಹಾಕು ಅನ್ನುವ ಆದೇಶ ಅದೇ ದಾರಿಯಲ್ಲಿ ವಾಪಸ್ ಬಂದು ಸೆನ್ಸರ್ ಪಕ್ಕದಲ್ಲೇ ಇರುವ ಬಲ್ಬಿಗೆ ಮುಟ್ಟಬೇಕು. ಎಲ್ಲ ಸರಿ ಇದ್ದರೆ ಒಂದು ಸೆಕೆಂಡಿನ ಮಾತು. ಆದರೆ ಕತ್ತಲ ಮೆಟ್ಟಿಲಲ್ಲಿ ಒಂದು ಸೆಕೆಂಡು ಜಾಸ್ತಿನೇ. ಅಷ್ಟರಲ್ಲಿ ಕಾಲು ಎರಡನೇ ಮೆಟ್ಟಿಲ ಮೇಲೆ ಇರುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ರಿವಾಲ್ವ್ ಅಂತ ಒಂದು ಹಬ್ ಇತ್ತು. ಅದನ್ನು ಮಾಡಿದ ಕಂಪನಿಯನ್ನು 2014ರಲ್ಲಿ ಗೂಗಲ್‌ನ ನೆಸ್ಟ್ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ತಂದಿದ್ದ ಹಬ್, ಹಾರ್ಡ್‌ವೇರ್‌ನಲ್ಲಿ ಏನೂ ದೋಷ ಇಲ್ಲದಿದ್ದರೂ, ಪ್ರಯೋಜನಕ್ಕೆ ಬಾರದಂತಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಹೋಮ್ ಕಂಪನಿಯ ಸರ್ವರ್‌ಗಳು ಇದ್ದಕ್ಕಿದ್ದಂತೆ ನಿಂತವು, ಬಳಕೆದಾರರಿಗೆ ಮುಂಚೆ ಹೇಳಲೂ ಇಲ್ಲ. ಆದರೆ ಇದರಲ್ಲಿ ಒಂದು ವಿಷಯ ಗಮನಿಸಿ. ಸ್ವಿಚ್‌ಗಳನ್ನು ಒಂದಕ್ಕೊಂದು ನೇರವಾಗಿ ಲಿಂಕ್ ಮಾಡಿದ್ದ ಮನೆಗಳಲ್ಲಿ ಆ ಸ್ವಿಚ್‌ಗಳು ಕೆಲಸ ಮಾಡುತ್ತಲೇ ಇದ್ದವು. ಹೋದದ್ದು ಆ್ಯಪ್ ಮತ್ತು ಕ್ಲೌಡ್ ಮೇಲೆ ನಿಂತಿದ್ದ ಭಾಗ. ಮನೆಯೊಳಗೇ ತೀರ್ಮಾನ ಆಗುವ ಕೆಲಸ ಉಳಿಯಿತು, ಹೊರಗೆ ಹೋಗಿ ಬರಬೇಕಾದ ಕೆಲಸ ಹೋಯಿತು. ನಾನು ಕಂಟ್ರೋಲರ್ ಆರಿಸಿದ್ದು ಇದೊಂದೇ ಲೆಕ್ಕದ ಮೇಲೆ.

ಹಾಗಾದರೆ ಯಾವುದು?

ನಾನು ಬಳಸುವುದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ 2013ರಲ್ಲಿ ಶುರು ಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು, 2024ರಿಂದ ಓಪನ್ ಹೋಮ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಅಂದರೆ ನಾಳೆ ಯಾವುದೋ ಕಂಪನಿ ಇದನ್ನು ಕೊಂಡುಕೊಂಡು ಮುಚ್ಚಿಬಿಡುತ್ತದೆ ಅನ್ನುವ ಭಯ ಇಲ್ಲ. ರಾಸ್‌ಬೆರಿ ಪೈ ಅನ್ನುವ ಅಂಗೈಯಷ್ಟು ಕಂಪ್ಯೂಟರ್ ಮೇಲೆ ಹಾಕಬಹುದು, ಮೂಲೆಯಲ್ಲಿರುವ ಹಳೇ ಮಿನಿ ಕಂಪ್ಯೂಟರ್ ಮೇಲೆ ಹಾಕಬಹುದು, ಅದೆಲ್ಲ ತಲೆನೋವು ಬೇಡ ಅಂದರೆ ಹೋಮ್ ಅಸಿಸ್ಟೆಂಟ್ ಗ್ರೀನ್ ಅಂತ ರೆಡಿಮೇಡ್ ಡಬ್ಬಿಯೇ ಸಿಗುತ್ತದೆ, ಕರೆಂಟ್ ಮತ್ತು ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಶುರು. ಗ್ರೀನ್ ಒಳಗೆ ಸೆನ್ಸರ್‌ಗಳ ಜೊತೆ ಮಾತಾಡುವ ಝಿಗ್ಬಿ ರೇಡಿಯೋ ಇರುವುದಿಲ್ಲ, ಆ ರೇಡಿಯೋ ಇರುವ ಯುಎಸ್‌ಬಿ ಡಾಂಗಲ್ ಬೇರೆ ತಗೋಬೇಕು, ಅದನ್ನು ಮರೆಯಬೇಡಿ. ರಾಸ್‌ಬೆರಿ ಪೈ ಆದರೆ ಮೆಮೊರಿ ಕಾರ್ಡ್ ಬಿಟ್ಟು ಎಸ್‌ಎಸ್‌ಡಿ ಹಾಕಿ. ಈ ಸಾಫ್ಟ್‌ವೇರ್ ದಿನವಿಡೀ ಡೇಟಾಬೇಸ್‌ಗೆ ಬರೆಯುತ್ತಲೇ ಇರುತ್ತದೆ, ಕಾರ್ಡ್ ಬೇಗ ಸವೆಯುತ್ತದೆ.

ಅಷ್ಟು ಕೂತು ಕಲಿಯಲು ಸಮಯ ಇಲ್ಲದವರಿಗೆ ಹುಬಿಟಾಟ್ ಅನ್ನುವ ರೆಡಿ ಹಬ್ ಇದೆ. ಅದೂ ರೂಲ್‌ಗಳನ್ನು ಮನೆಯೊಳಗೇ ನಡೆಸುತ್ತದೆ, ಝಿಗ್ಬಿ ಮತ್ತು ಝಡ್-ವೇವ್ ರೇಡಿಯೋ ಒಳಗೇ ಇರುತ್ತವೆ. ನೋಡಲು ಅಷ್ಟೇನೂ ಚೆಂದ ಇಲ್ಲ, ಕೆಲಸ ಗಟ್ಟಿ. ಇನ್ನು ಮನೆಯಲ್ಲಿ ನಾಲ್ಕು ಬಲ್ಬು, ಒಂದು ಪ್ಲಗ್ ಅಷ್ಟೇ ಇದ್ದರೆ ಇದಾವುದೂ ಬೇಡ. ಆ್ಯಪಲ್ ಫೋನ್ ಬಳಸುವವರಾದರೆ ಆ್ಯಪಲ್‌ನದೇ ಚಿಕ್ಕ ಸ್ಪೀಕರ್ ಹೋಮ್‌ಪಾಡ್ ಮಿನಿ ಸಾಕು, ಅದೇ ಹಬ್ ಆಗುತ್ತದೆ. ಸುಮ್ನೆ ದೊಡ್ಡ ವ್ಯವಸ್ಥೆ ಕಟ್ಟಿಕೊಂಡು ಕೂರಬೇಡಿ.

ಈಗ ರೇಡಿಯೋ ಬಗ್ಗೆ. ಜನ ಹಬ್ ಆರಿಸುವಾಗ ಆ್ಯಪ್ ನೋಡುತ್ತಾರೆ. ನೋಡಬೇಕಾದದ್ದು ಅದು ಯಾವ ರೇಡಿಯೋದಲ್ಲಿ ಮಾತಾಡುತ್ತದೆ ಅನ್ನುವುದನ್ನು.

ವೈಫೈ ಡಿವೈಸ್‌ಗಳು ಎಲ್ಲ ಕಡೆ ಸಿಗುತ್ತವೆ, ಹಬ್ ಬೇಡ ಅಂತ ಬರೆದಿರುತ್ತದೆ. ಆದರೆ ಬಹುಪಾಲು ತಯಾರಕರ ಕ್ಲೌಡ್‌ಗೆ ಕಟ್ಟುಬಿದ್ದಿರುತ್ತವೆ, ಬ್ಯಾಟರಿ ಬೇಗ ತಿನ್ನುತ್ತವೆ. ಝಡ್-ವೇವ್ ಬೇರೆ ಫ್ರೀಕ್ವೆನ್ಸಿಯಲ್ಲಿ ನಡೆಯುತ್ತದೆ, ವೈಫೈ ಕಾಟ ಅದಕ್ಕಿಲ್ಲ. ಆದರೆ ಆ ಫ್ರೀಕ್ವೆನ್ಸಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿನದು 868.42 ಮೆಗಾಹರ್ಟ್ಸ್, ಅಮೆರಿಕದ್ದು 908.42. ಬೇರೆ ದೇಶದಿಂದ ತರಿಸಿದ ಸೆನ್ಸರ್ ನಿಮ್ಮ ಹಬ್ ಜೊತೆ ಮಾತೇ ಆಡುವುದಿಲ್ಲ.

ಝಿಗ್ಬಿ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ಎಲ್ಲ ದೇಶದಲ್ಲೂ ಒಂದೇ. ನನ್ನ ಮನೆಯ ಬಹುಪಾಲು ಸೆನ್ಸರ್‌ಗಳು ಇವೇ. ಚಿಕ್ಕವು, ನಾಣ್ಯದಂಥ ಒಂದು ಬ್ಯಾಟರಿಯಲ್ಲಿ ತುಂಬಾ ದಿನ ಬರುತ್ತವೆ. ಇದರ ಸೊಗಸು ಇರುವುದು ಮೆಶ್‌ನಲ್ಲಿ. ಸದಾ ಕರೆಂಟ್ ಇರುವ ಝಿಗ್ಬಿ ಪ್ಲಗ್ ಅಥವಾ ಬಲ್ಬ್ ಸಾಮಾನ್ಯವಾಗಿ ತನ್ನ ಕೆಲಸದ ಜೊತೆಗೆ ಪಕ್ಕದವರ ಸಂದೇಶವನ್ನೂ ಮುಂದಕ್ಕೆ ದಾಟಿಸುತ್ತದೆ. ಬ್ಯಾಟರಿಯವು ದಾಟಿಸುವುದಿಲ್ಲ, ಅವು ನಿದ್ದೆಯಲ್ಲೇ ಇರುತ್ತವೆ, ಕೆಲಸ ಇದ್ದಾಗ ಮಾತ್ರ ಎದ್ದು ಹೇಳಿ ಮತ್ತೆ ಮಲಗುತ್ತವೆ. ಹಾಗಾಗಿ ಮನೆಯ ಆ ತುದಿಯಲ್ಲಿ ಡೋರ್ ಸೆನ್ಸರ್ ಹಾಕಬೇಕಾದರೆ, ಮೊದಲು ಮಧ್ಯದಲ್ಲಿ ಒಂದು ಝಿಗ್ಬಿ ಪ್ಲಗ್ ಹಾಕಿ. ಸೆನ್ಸರ್ ಆಮೇಲೆ.

ಮ್ಯಾಟರ್ ಅನ್ನುವ ಹೆಸರು ಈಗ ಎಲ್ಲ ಪ್ಯಾಕೆಟ್ ಮೇಲೂ ಕಾಣುತ್ತದೆ. ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇದು ರೇಡಿಯೋ ಅಲ್ಲ, ಡಿವೈಸ್‌ಗಳು ಆಡುವ ಭಾಷೆ. ಈ ಭಾಷೆಯನ್ನು ವೈಫೈ ಮೇಲೂ ಆಡಬಹುದು, ಥ್ರೆಡ್ ಅನ್ನುವ ರೇಡಿಯೋ ಮೇಲೂ ಆಡಬಹುದು. ಥ್ರೆಡ್ ಆದರೆ ಅದನ್ನು ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಒಂದು ಬಾರ್ಡರ್ ರೂಟರ್ ಮನೆಯಲ್ಲಿ ಇರಬೇಕು, ಹೋಮ್‌ಪಾಡ್ ಮಿನಿಯಲ್ಲಿ ಅದು ಇದೆ. ಮ್ಯಾಟರ್‌ನಲ್ಲಿ ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ ಎರಡು. ಇದು ಮನೆಯ ನೆಟ್‌ವರ್ಕ್ ಒಳಗೇ ಕೆಲಸ ಮಾಡುವಂತೆ ಮಾಡಿರುವುದು, ಮತ್ತು ಒಂದೇ ಬಲ್ಬನ್ನು ಏಕಕಾಲಕ್ಕೆ ಎರಡು ಕಂಟ್ರೋಲರ್‌ಗೆ ಸೇರಿಸಬಹುದಾದದ್ದು. ನಾನು ಹೋಮ್ ಅಸಿಸ್ಟೆಂಟ್‌ನಿಂದ ನಡೆಸುವ ಬಲ್ಬನ್ನು ಮನೆಯವರು ಅವರ ಫೋನಿನ ಆ್ಯಪ್‌ನಿಂದಲೂ ನಡೆಸಬಹುದು. ಜಗಳ ಇಲ್ಲ.

ಈಗ ಸೆಟಪ್. ಇಲ್ಲಿ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಡಾಂಗಲ್ ನೋಡಿ, ಕಂಪ್ಯೂಟರ್‌ಗೆ ನೇರ ಸಿಕ್ಕಿಸಿಲ್ಲ. ಮಧ್ಯೆ ಒಂದು ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಇದೆ. ಯುಎಸ್‌ಬಿ 3 ಪೋರ್ಟ್ ಮತ್ತು ಅದಕ್ಕೆ ಹಾಕಿದ ಎಸ್‌ಎಸ್‌ಡಿ, ಎರಡೂ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ. ಇದನ್ನು ಇಂಟೆಲ್ 2012ರಲ್ಲೇ ಅಳತೆ ಮಾಡಿ ತೋರಿಸಿತ್ತು. ಸೆನ್ಸರ್ ಆಗಾಗ ಕಳೆದುಹೋಗುತ್ತದೆ, ಪಕ್ಕದ ರೂಮಿಗೂ ಸಿಗ್ನಲ್ ಮುಟ್ಟುವುದಿಲ್ಲ ಅನ್ನುವ ದೂರು ಕೇಳಿದಾಗೆಲ್ಲ ನಾನು ಮೊದಲು ಕೇಳುವುದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿದ್ದೀರಾ ಅಂತ. ಹಬ್ಬನ್ನು ರೂಟರ್ ಪಕ್ಕದಲ್ಲಿ ಅಂಟಿಸಿ ಇಡಬೇಡಿ. ವೈಫೈ ಕೂಡ ಇದೇ 2.4 ಗಿಗಾಹರ್ಟ್ಸ್ ಬಳಸುತ್ತದೆ, ಆದ್ದರಿಂದ ಚಾನಲ್ ಕೂಡ ನೋಡಿ. ವೈಫೈ 1, 6, 11 ಇವುಗಳಲ್ಲಿ ಯಾವುದರ ಮೇಲಿದೆಯೋ ಅದರಿಂದ ಝಿಗ್ಬಿ ದೂರ ಇರಬೇಕು. ಝಿಗ್ಬಿ 25ನೇ ಚಾನಲ್ ವೈಫೈ 11ಕ್ಕಿಂತ ಮೇಲಿದೆ, ನಾನು ಅದನ್ನೇ ಇಟ್ಟಿದ್ದೇನೆ. ಇದನ್ನು ಮೊದಲೇ ತೀರ್ಮಾನಿಸಿ. ಸೆನ್ಸರ್‌ಗಳೆಲ್ಲ ಸೇರಿದ ಮೇಲೆ ಚಾನಲ್ ಬದಲಿಸಿದರೆ ಕೆಲವು ತಾವಾಗಿ ಹಿಂಬಾಲಿಸಿ ಬರುತ್ತವೆ, ಕೆಲವನ್ನು ಮತ್ತೆ ಪೇರ್ ಮಾಡಬೇಕಾಗುತ್ತದೆ, ಅಂದರೆ ಹೊಸದಾಗಿ ಹಬ್‌ಗೆ ಸೇರಿಸಬೇಕಾಗುತ್ತದೆ.

ಇದು ಬಾಗಿಲಿನ ಸೆನ್ಸರ್. ಪಕ್ಕದಲ್ಲಿ ಸೂಜಿ ಹೋಗುವಷ್ಟು ತೂತು ಇದೆ, ಸಿಮ್ ತೆಗೆಯುವ ಪಿನ್ ಹಾಕಿ ಒತ್ತಿ ಹಿಡಿದರೆ ನೀಲಿ ಲೈಟ್ ಮಿಟುಕಿಸುತ್ತದೆ. ಸ್ಕ್ರೀನ್ ಮೇಲೆ ನೋಡಿ, ಸಾಧನ ಸಿಕ್ಕಿತು, ಪ್ರಶ್ನೆ ಕೇಳಲಾಗುತ್ತಿದೆ ಅಂತ ಬರುತ್ತಿದೆ, ಅಂದರೆ ನೀನು ಯಾವ ಸಾಧನ ಅಂತ ಹಬ್ ಸೆನ್ಸರನ್ನು ಕೇಳುತ್ತಿದೆ. ಈ ಹೊತ್ತಿನಲ್ಲಿ ಕೆಲವು ಸೆನ್ಸರ್‌ಗಳು ಮಲಗಿಬಿಡುತ್ತವೆ. ಆದ್ದರಿಂದ ಪೂರ್ತಿ ಮುಗಿಯುವವರೆಗೆ ಒಂದೆರಡು ಸೆಕೆಂಡಿಗೊಮ್ಮೆ ಬಟನ್ ಮೆಲ್ಲಗೆ ಒತ್ತುತ್ತಾ ಇರಿ, ಎಚ್ಚರವಾಗಿರುತ್ತದೆ. ಪೇರ್ ಮಾಡುವುದನ್ನು ಆದಷ್ಟು ಅದು ಇರಬೇಕಾದ ಜಾಗದಲ್ಲೇ ಮಾಡಿ. ಹಬ್ ಪಕ್ಕದಲ್ಲಿ ಕೂತು ಪೇರ್ ಮಾಡಿ ಆಮೇಲೆ ದೂರ ಒಯ್ದರೆ, ಕೆಲವು ಸೆನ್ಸರ್‌ಗಳು ಹೊಸ ದಾರಿ ಹುಡುಕಿಕೊಳ್ಳದೆ ಹಠ ಹಿಡಿಯುತ್ತವೆ.

ಹೆಸರು ಅಲ್ಲೇ ಆಗಲೇ ಕೊಡಿ. ರೂಮು, ವಸ್ತು, ಯಾವ ಬದಿ. ಮೆಟ್ಟಿಲು ಚಲನೆ ಕೆಳಗೆ, ಮೆಟ್ಟಿಲು ಚಲನೆ ಮೇಲೆ, ಹೀಗೆ. ಸೆನ್ಸರ್ 1, ಸೆನ್ಸರ್ 2 ಅಂತ ಬಿಟ್ಟರೆ ರೂಲ್ ಬರೆಯುವಾಗ ಒದ್ದಾಟ.

ರೂಲ್ ಬರೆಯುವುದು ಕಷ್ಟ ಅಲ್ಲ. ಏನಾದಾಗ, ಯಾವ ಷರತ್ತಿನಲ್ಲಿ, ಏನು ಮಾಡಬೇಕು. ನನ್ನ ಮೆಟ್ಟಿಲ ರೂಲ್ ಇದು. ಚಲನೆ ಕಂಡಾಗ, ಸೂರ್ಯ ಮುಳುಗಿದ್ದರೆ, ಲೈಟ್ ಹಾಕು. ಮಧ್ಯರಾತ್ರಿ ಮೇಲೆ ಆದರೆ ಬೆಳಕು ಹತ್ತರಲ್ಲಿ ಒಂದು ಪಾಲು ಸಾಕು, ನಿದ್ದೆಗಣ್ಣಿಗೆ ಚುಚ್ಚಬಾರದು. ಚಲನೆ ನಿಂತು ಎರಡು ನಿಮಿಷ ಆದರೆ ಆಫ್. ಸಮಯವನ್ನು ಗಡಿಯಾರದ ಮೇಲೆ ಇಡದೆ ಸೂರ್ಯಾಸ್ತದ ಮೇಲೆ ಇಟ್ಟಿದ್ದೇನೆ, ಕಾಲ ಬದಲಾದಂತೆ ಅದೇ ಸರಿಹೊಂದುತ್ತದೆ.

ಕೂತು ಓದುವ ಅಥವಾ ಕೆಲಸ ಮಾಡುವ ರೂಮಿಗೆ ಇದೇ ಸೆನ್ಸರ್ ಹಾಕಬೇಡಿ. ಮಾಮೂಲಿ ಚಲನೆ ಸೆನ್ಸರ್ ಮೈಯ ಶಾಖ ಅಲುಗಾಡುವುದನ್ನು ನೋಡುತ್ತದೆ, ನೀವು ಅಲ್ಲಾಡದೆ ಕೂತರೆ ಅದರ ಲೆಕ್ಕದಲ್ಲಿ ರೂಮು ಖಾಲಿ. ಅಲ್ಲಿಗೆ ಎಂಎಂವೇವ್ ಸೆನ್ಸರ್ ಬೇಕು. ಅದು ರೇಡಾರ್, ಉಸಿರಾಡುವಾಗ ಎದೆ ಏರಿಳಿಯುವುದನ್ನೂ ಹಿಡಿಯುತ್ತದೆ. ಅಷ್ಟು ಸೂಕ್ಷ್ಮ ಆದ್ದರಿಂದ ಫ್ಯಾನ್ ಗಾಳಿಗೆ ಅಲ್ಲಾಡುವ ಕರ್ಟನ್‌ನ್ನೂ ಮನುಷ್ಯ ಅಂದುಕೊಳ್ಳಬಹುದು, ಮುಖ ಯಾವ ಕಡೆ ಇರಬೇಕು ಅಂತ ನೋಡಿ ಹಾಕಿ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ಮಾತು, ಗೋಡೆಯ ಸ್ವಿಚ್. ಸ್ಮಾರ್ಟ್ ಬಲ್ಬ್ ಹಾಕಿದ ಮನೆಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬಿಗೆ ಕರೆಂಟೇ ಇಲ್ಲ. ಆ್ಯಪ್ ಅಲ್ಲ, ರೂಲ್ ಅಲ್ಲ, ಯಾವುದೂ ಅದನ್ನು ಎಬ್ಬಿಸುವುದಿಲ್ಲ. ಅದು ಝಿಗ್ಬಿ ಬಲ್ಬ್ ಆಗಿದ್ದರೆ ಅದರ ಮೂಲಕ ಸುದ್ದಿ ಕಳಿಸುತ್ತಿದ್ದ ಸೆನ್ಸರ್‌ಗಳೂ ಕೈಬಿಟ್ಟು ಹೋಗಬಹುದು. ಹಾಗಂತ ಮನೆಯವರಿಗೆ ಸ್ವಿಚ್ ಮುಟ್ಟಬೇಡಿ ಅನ್ನುವುದು ಸರಿನಾ? ನನ್ನ ಪ್ರಕಾರ ಖಂಡಿತ ಅಲ್ಲ. ಮನೆಗೆ ಬಂದ ನೆಂಟರು, ವಯಸ್ಸಾದವರು, ಮಕ್ಕಳು, ಯಾರಿಗೂ ಲೈಟ್ ಹಾಕಲು ಫೋನ್ ಬೇಕಾಗಬಾರದು. ಅದಕ್ಕೇ ನಾನು ಮೇಲ್ಛಾವಣಿ ಲೈಟುಗಳಿಗೆ ಮಾಮೂಲಿ ಬಲ್ಬ್ ಬಿಟ್ಟು, ಸ್ವಿಚ್ ಹಿಂದಿನ ಪೆಟ್ಟಿಗೆಯಲ್ಲಿ ಸ್ಮಾರ್ಟ್ ರಿಲೇ, ಅಂದರೆ ಹಬ್ ಮಾತನ್ನೂ ಕೇಳುವ ಒಂದು ಚಿಕ್ಕ ಸ್ವಿಚ್, ಹಾಕಿಸಿದೆ. ಸ್ವಿಚ್ ಮೊದಲಿನ ಹಾಗೇ ಒತ್ತಬಹುದು, ಹಬ್ ಕೂಡ ಅದನ್ನೇ ನಡೆಸಬಹುದು. ಬಹಳಷ್ಟು ರಿಲೇಗಳಿಗೆ ನ್ಯೂಟ್ರಲ್ ವೈರ್ ಬೇಕು. ನಿಮ್ಮ ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ, ಆಮೇಲೆ ರಿಲೇ ಕೊಳ್ಳಿ. ಬಣ್ಣ ಬದಲಿಸುವ ಬಲ್ಬೇ ಬೇಕು ಅನ್ನುವ ಕಡೆ, ಝಿಗ್ಬಿ ರಿಮೋಟನ್ನು ಬಲ್ಬಿಗೆ ನೇರವಾಗಿ ಬೈಂಡ್ ಮಾಡಿ, ಎಲ್ಲ ರಿಮೋಟ್ ಅಲ್ಲದಿದ್ದರೂ ಹಲವು ಇದಕ್ಕೆ ಒಪ್ಪುತ್ತವೆ. ಆಗ ಹಬ್ ಕೆಟ್ಟು ನಿಂತರೂ ಆ ಬಟನ್ ಕೆಲಸ ಮಾಡುತ್ತದೆ.

ಕರೆಂಟ್ ಹೋಗಿ ಬಂದಾಗ ಬಲ್ಬ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಕೂಡ ಹುಡುಕಿ. ಬಹಳಷ್ಟು ಬಲ್ಬ್‌ಗಳು ಡೀಫಾಲ್ಟ್ ಆಗಿ ಪೂರ್ತಿ ಬೆಳಕಿನಲ್ಲಿ ಆನ್ ಆಗುತ್ತವೆ. ನಡುರಾತ್ರಿ ಕರೆಂಟ್ ಬಂದರೆ ಇಡೀ ಮನೆ ಎದ್ದು ಕೂರುತ್ತದೆ. ಹಿಂದಿನ ಸ್ಥಿತಿಗೆ ಮರಳು ಅಂತ ಇಡಿ. ಹಬ್ಬಿಗೆ ಮತ್ತು ರೂಟರ್‌ಗೆ ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು.

ಹೊರಗಿದ್ದಾಗ ಮನೆ ನೋಡಬೇಕು ಅಂದರೆ ರೂಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ, ಅದು ಬೀದಿಗೆ ಬಾಗಿಲು ತೆರೆದಿಟ್ಟ ಹಾಗೆ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಥರದ ವಿಪಿಎನ್ ಹಾಕಿ, ಅದು ನಿಮಗೆ ಮಾತ್ರ ತೆರೆಯುವ ದಾರಿ. ಹಬ್ಬಿಗೆ ರೂಟರ್‌ನಲ್ಲಿ ಒಂದು ಖಾಯಂ ಐಪಿ ಕೊಡಿ, ಇಲ್ಲದಿದ್ದರೆ ರೂಟರ್ ರೀಸ್ಟಾರ್ಟ್ ಆದಾಗ ವಿಳಾಸ ಬದಲಾಗಿ ಹುಡುಕಾಟ ಶುರು.

ಉಳಿದದ್ದು ಬ್ಯಾಕಪ್. ಹೋಮ್ ಅಸಿಸ್ಟೆಂಟ್‌ನಲ್ಲಿ ತಾನಾಗಿ ಬ್ಯಾಕಪ್ ಆಗುವ ಸೆಟ್ಟಿಂಗ್ ಇದೆ, ಆನ್ ಮಾಡಿ, ಮತ್ತು ಅದು ಹೋಗಿ ಕೂರುವ ಜಾಗ ಅದೇ ಡಬ್ಬಿಯ ಎಸ್‌ಎಸ್‌ಡಿ ಆಗಿರದಂತೆ ನೋಡಿಕೊಳ್ಳಿ, ಬೇರೆ ಕಂಪ್ಯೂಟರೋ ನೆಟ್‌ವರ್ಕ್ ಡಿಸ್ಕೋ ಆಗಿರಲಿ. ಈ ಬ್ಯಾಕಪ್ ಫೈಲ್‌ಗಳು ಎನ್‌ಕ್ರಿಪ್ಟ್ ಆಗಿರುತ್ತವೆ. ಸೆಟಪ್ ಮಾಡುವಾಗ ಎಮರ್ಜೆನ್ಸಿ ಕಿಟ್ ಅಂತ ಒಂದು ಚಿಕ್ಕ ಫೈಲ್ ಡೌನ್‌ಲೋಡ್ ಮಾಡಲು ಹೇಳುತ್ತದೆ, ಕೀ ಇರುವುದು ಅದರಲ್ಲಿ. ಆ ಕೀ ಇಲ್ಲದೆ ಹೊಸ ಡಬ್ಬಿಯಲ್ಲಿ ಬ್ಯಾಕಪ್ ತೆರೆಯುವುದಿಲ್ಲ. ಅದನ್ನು ಪ್ರಿಂಟ್ ತೆಗೆದು ಮನೆ ಪತ್ರಗಳ ಜೊತೆ ಇಡಿ, ಎಲ್ಲಿ ಇಟ್ಟಿದ್ದೀರಿ ಅಂತ ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ.