ಹದಿನಾರು ಡ್ರೈವರ್ ಇದ್ದರೆ ಏನು ಬಂತು?

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನ ಜಗಳ ಒಂದು ನಂಬರ್ ಜೊತೆ.

ವೈರ್ ಇರುವ ಇಯರ್‌ಫೋನ್ ಕೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಆ ನಂಬರ್. 5 ಡ್ರೈವರ್, 10 ಡ್ರೈವರ್, 16 ಡ್ರೈವರ್. ಡ್ರೈವರ್ ಅಂದರೆ ಇಯರ್‌ಫೋನ್ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಯಂತ್ರ. ಕಿವಿಯೊಳಗೆ ಕೂರುವ ಇಂಥ ಇಯರ್‌ಫೋನ್‌ಗಳಿಗೆ ಐಇಎಂ, ಅಂದರೆ ಇನ್-ಇಯರ್ ಮಾನಿಟರ್ ಅಂತ ಹೆಸರು. ಚೀನಾದಿಂದ ಬರುವವು ಎರಡು ಮೂರು ಸಾವಿರದಿಂದ ಏಳೆಂಟು ಸಾವಿರದವರೆಗೆ ಸಿಗುತ್ತವೆ. ನೋಡಲು ಚಂದ, ತಂತಿ ಬಿಚ್ಚಿ ಬದಲಾಯಿಸಬಹುದು, ಕಿವಿಯ ಹಿಂದೆ ಸುತ್ತಿ ಹಾಕಿಕೊಂಡರೆ ಸ್ಟೇಜ್ ಮೇಲಿನ ಗಾಯಕರ ಥರ ಕಾಣಿಸುತ್ತೇವೆ. ಆಸೆ ಆಗುವುದು ಸಹಜ. ಒಂದು ಡ್ರೈವರ್ ಇರುವುದಕ್ಕೂ ಹತ್ತು ಇರುವುದಕ್ಕೂ ಐನೂರು ರೂಪಾಯಿ ವ್ಯತ್ಯಾಸ ಅಂದರೆ ಯಾರು ತಾನೇ ಒಂದನ್ನು ಕೊಳ್ಳುತ್ತಾರೆ, ಅಲ್ವಾ?

ನಾನು ಹೇಳುವುದು ಇಷ್ಟೇ. ಈ ಬೆಲೆಯಲ್ಲಿ ಡ್ರೈವರ್ ಎಣಿಸಿ ಕೊಂಡರೆ ದುಡ್ಡು ದಂಡ. ಆ ಡ್ರೈವರ್‌ಗಳು ಒಂದೇ ದನಿಯಾಗಿ ಕೇಳುತ್ತವೋ ಇಲ್ಲವೋ ಅನ್ನುವುದನ್ನು ನೋಡಿ. ಅದನ್ನು ಪರೀಕ್ಷೆ ಮಾಡುವುದಕ್ಕೆ ನಮ್ಮ ಕೈಯಲ್ಲೇ ಒಂದು ಒಳ್ಳೆಯ ವಾದ್ಯ ಇದೆ. ಮೃದಂಗ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎಣಿಕೆಯ ವಿಷಯ. ಕೆಝಡ್ ಕಂಪನಿ 2018ರಲ್ಲಿ ಝಡ್ಎಸ್10 ಅಂತ ಒಂದು ಐಇಎಂ ತಂದಿತು. ಅದರ ಹೆಸರಿನಲ್ಲಿರುವ 10 ಎರಡೂ ಕಿವಿ ಸೇರಿದ ಲೆಕ್ಕ. ಒಂದು ಕಿವಿಯಲ್ಲಿ ಇರುವುದು ಐದೇ. ಅದೇ ಕಂಪನಿಯ ಎಎಸ್16ರಲ್ಲೂ ಹೀಗೇ, ಕಿವಿಗೆ ಎಂಟು. ಇದು ಮೋಸ ಅಂತಲ್ಲ, ಒಳಗಡೆ ಬರೆದೇ ಇರುತ್ತಾರೆ. ಆದರೆ ಮಾರುವವರ ಕಣ್ಣು ಯಾವುದರ ಮೇಲಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಡ್ರೈವರ್ ಅಂದರೆ ಇಯರ್‌ಫೋನ್ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಯಂತ್ರ. ನಮಗೆ ಬೇಕಾದ ಜಾತಿ ಎರಡು. ಒಂದು ಡೈನಾಮಿಕ್. ಮನೆಯ ಸ್ಪೀಕರ್ ಹೇಗೋ ಹಾಗೇ, ಆಯಸ್ಕಾಂತ, ಕಾಯಿಲ್, ಅದಕ್ಕೆ ಅಂಟಿದ ತೆಳುವಾದ ಪೊರೆ. ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ, ಬೇಸ್ ಚೆನ್ನಾಗಿ ಬರುತ್ತದೆ. ಇನ್ನೊಂದು ಬ್ಯಾಲೆನ್ಸ್ಡ್ ಆರ್ಮೇಚರ್. ಎಲ್ಲರೂ ಬಿಎ ಅಂತ ಕರೆಯುತ್ತಾರೆ. ಇದರ ತವರು ಶ್ರವಣ ಸಾಧನ, ಅಂದರೆ ಕಿವಿ ಮಂದ ಇದ್ದವರು ಹಾಕಿಕೊಳ್ಳುವ ಮಷೀನು. ಅಕ್ಕಿಕಾಳಿನಷ್ಟೇ ಅನ್ನಬಹುದಾದ ಲೋಹದ ಡಬ್ಬಿ, ಒಳಗೆ ಎರಡು ಆಯಸ್ಕಾಂತಗಳ ನಡುವೆ ಅಲುಗಾಡುವ ಒಂದು ಚೂರು ಲೋಹದ ಪಟ್ಟಿ. ಚುರುಕು ಜಾಸ್ತಿ. ಆದರೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರವನ್ನೂ ಒಂದೇ ಬಿಎ ಸರಿಸಮ ನುಡಿಸುವುದು ಕಷ್ಟ. ಅದಕ್ಕೇ ಕೆಲಸ ಹಂಚುತ್ತಾರೆ. ಬೇಸ್‌ಗೆ ಒಬ್ಬರು, ನಡುವಿಗೆ ಒಬ್ಬರು, ಮೇಲಕ್ಕೆ ಒಬ್ಬರು.

ಈ ಹಂಚಿಕೆಗೆ ಒಂದು ಕಾರಣವೂ ಇತ್ತು. 1995ರಲ್ಲಿ ವ್ಯಾನ್ ಹೇಲನ್ ಬ್ಯಾಂಡಿನ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ಅವರ ಸೌಂಡ್ ಎಂಜಿನಿಯರ್ ಜೆರಿ ಹಾರ್ವಿ ಎರಡು ಡ್ರೈವರಿನ ಇಯರ್‌ಫೋನ್ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಅನ್ನುವ ಕಂಪನಿ ಹುಟ್ಟಿದ್ದೇ ಅದರಿಂದ. ಸ್ಟೇಜ್ ಮೇಲೆ, ಅಷ್ಟು ಗದ್ದಲದ ನಡುವೆ ಡ್ರಮ್ ಬಾರಿಸುವವರಿಗೆ ಕಿವಿಯೊಳಗೆ ಗಟ್ಟಿಯಾದ, ಒಡೆಯದ ಸದ್ದು ಬೇಕು. ನಾವು ರಾತ್ರಿ ಹಾಸಿಗೆ ಮೇಲೆ ಮಲಗಿ ಹಾಡು ಕೇಳುವವರು. ನಮ್ಮ ತೊಂದರೆಯೇ ಬೇರೆ.

ಕೆಲಸ ಹಂಚಿದ ಮೇಲೆ ಗಡಿ ಹಾಕಬೇಕು. ಎಲ್ಲಿಯವರೆಗೆ ಡೈನಾಮಿಕ್, ಎಲ್ಲಿಂದ ಬಿಎ ಅನ್ನುವ ಗಡಿ. ಅದೇ ಕ್ರಾಸ್‌ಓವರ್. ಕೆಪಾಸಿಟರ್, ರೆಸಿಸ್ಟರ್, ಜೊತೆಗೆ ಸದ್ದು ಹೋಗುವ ಸಣ್ಣ ಕೊಳವೆಗಳು, ಅವುಗಳಲ್ಲಿ ಇಡುವ ಜಾಲರಿ. ಇಷ್ಟರಲ್ಲೇ ಇರುವುದು ಎಲ್ಲ ಗುಟ್ಟು. ಗಡಿಯ ಹತ್ತಿರ ಎರಡು ಡ್ರೈವರ್‌ಗಳೂ ಒಂದೇ ಸ್ವರವನ್ನು ನುಡಿಸುತ್ತಿರುತ್ತವೆ. ಭಜನೆಯಲ್ಲಿ ತಾಳ ಹಾಕುವವರಲ್ಲಿ ಒಬ್ಬರು ಚೂರು ಹಿಂದೆ ಬಿದ್ದರೆ ಹೇಗೆ ಕೇಳುತ್ತದೆ? ಹಾಗೇ ಇದು. ಒಬ್ಬರ ಅಲೆ ಏರುವಾಗ ಇನ್ನೊಬ್ಬರದು ಇಳಿದರೆ ಆ ಸ್ವರವೇ ಸವೆದುಹೋಗುತ್ತದೆ. ಡ್ರೈವರ್ ಜಾಸ್ತಿ ಆದಷ್ಟೂ ಇಂಥ ಗಡಿ ಜಾಸ್ತಿ, ಎಡವಲು ಜಾಗ ಜಾಸ್ತಿ.

ಈಗ ಮೂರು ಸಾವಿರದ ಐಇಎಂ ಮಾಡುವವರ ಜಾಗದಲ್ಲಿ ಕೂತು ಯೋಚಿಸಿ. ಡಬ್ಬ, ತಂತಿ, ಶೆಲ್, ಅಂಗಡಿಯವರ ಲಾಭ, ಕಸ್ಟಮ್ಸ್ ಎಲ್ಲ ಕಳೆದು ಉಳಿದ ಪುಡಿಕಾಸಿನಲ್ಲಿ ಐದು ಡ್ರೈವರ್ ಕೂಡಿಸಬೇಕು. ಅವನ್ನು ಹೊಂದಿಸಬೇಕಾದ ಸಮಯಕ್ಕೆ ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಅಗ್ಗದ ಎಷ್ಟೋ ಸೆಟ್‌ಗಳಲ್ಲಿ ಡೈನಾಮಿಕ್ ಡ್ರೈವರನ್ನು ಪೂರ್ತಿ ಹಾಡಲು ಬಿಟ್ಟು, ಮೇಲುಗಡೆಗೆ ಮಾತ್ರ ಒಂದು ಕೆಪಾಸಿಟರ್ ಹಾಕಿ ಬಿಎ ಸೇರಿಸಿರುತ್ತಾರೆ. ಆ ಬಿಎಯನ್ನು ನಾಝಲ್ ಒಳಗೆ, ಅಂದರೆ ಕಿವಿಗೆ ತೂರಿಸುವ ಮೂತಿಯೊಳಗೆ, ಕಿವಿಯ ಬಾಯಿಗೇ ತಂದು ಇಟ್ಟಿರುತ್ತಾರೆ. ಮೊದಲ ಐದು ನಿಮಿಷ ಆಹಾ ಅನಿಸುತ್ತದೆ. ಗೆಜ್ಜೆ ಘಲ್ ಅನ್ನುತ್ತದೆ, ಇದುವರೆಗೆ ಕೇಳದ ಸಣ್ಣಪುಟ್ಟ ಸದ್ದೆಲ್ಲ ಕೇಳಿಸುತ್ತದೆ. ಅರ್ಧ ಗಂಟೆ ಆದ ಮೇಲೆ ಗಾಯಕಿ "ಸ" ಅಂದಾಗ, "ಶ" ಅಂದಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅದನ್ನೇ ಕೆಲವರು ಡೀಟೇಲ್ ಅಂತ ಹೊಗಳುತ್ತಾರೆ. ನನಗೆ ಅದು ಬರೀ ಟ್ರೆಬಲ್, ಅಂದರೆ ಮೇಲಿನ ಸ್ವರ, ಏರಿಸಿದ್ದು, ಅಷ್ಟೇ.

ಮೃದಂಗಕ್ಕೆ ಬರೋಣ.

ಸಾಮಾನ್ಯವಾಗಿ ಚರ್ಮವಾದ್ಯದ ಸದ್ದಿನಲ್ಲಿ ಮೂಲಸ್ವರದ ಮೇಲೆ ಏಳುವ ಉಪಸ್ವರಗಳು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಡೋಲು ಡಮ್ ಅನ್ನುತ್ತದೆ, ಸ್ವರ ಹಾಡುವುದಿಲ್ಲ. ಮೃದಂಗದ ಬಲಭಾಗ ಹಾಗಲ್ಲ. ನಡುವೆ ಮೆತ್ತಿದ ಆ ಕಪ್ಪು ಕರಣೆಯ ಭಾರದಿಂದ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಅಂತ ಸಾಲಾಗಿ ನಿಲ್ಲುತ್ತವೆ. ಇದನ್ನು ತೋರಿಸಿಕೊಟ್ಟವರು ಸಿ.ವಿ. ರಾಮನ್. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಮೇಲೆ ಒಂದು ಪ್ರಬಂಧವನ್ನೇ ಬರೆದರು. ನೊಬೆಲ್ ಬಂದು ನಾಲ್ಕು ವರ್ಷ ಆಗಿತ್ತು, ಆಗಲೂ ಮನುಷ್ಯನಿಗೆ ಮೃದಂಗದ ಹುಚ್ಚು ಬಿಟ್ಟಿರಲಿಲ್ಲ ನೋಡಿ.

ನಮಗೆ ಇದರಿಂದ ಏನು ಲಾಭ ಅಂದರೆ, ಮೃದಂಗ ಒಂದೇ ವಾದ್ಯವಾದರೂ ಇಯರ್‌ಫೋನಿನ ಎಲ್ಲ ಡ್ರೈವರ್‌ಗಳಿಗೂ ಕೆಲಸ ಕೊಡುತ್ತದೆ. ಎಡಗೈಯ ಗುಮ್ಕಿ ಕೆಳಗೆ ಗುಂಯ್ ಅಂತ ಜಾರುತ್ತದೆ, ಅದು ಡೈನಾಮಿಕ್ ಪಾಲು. ಬಲಗೈಯ ಸ್ವರ ಗಾಯಕರ ಶ್ರುತಿಗೆ ಸೇರಿ ನಡುವೆ ನಿಲ್ಲುತ್ತದೆ. ಬೆರಳು ಚರ್ಮಕ್ಕೆ ತಾಗುವ ಟಕ್ ಅನ್ನುವ ಅಂಚು ಮೇಲೆ, ಬಿಎ ಪಾಲಿಗೆ ಹೋಗುತ್ತದೆ. ಒಳ್ಳೆಯ ಐಇಎಂನಲ್ಲಿ ಇದೆಲ್ಲ ಒಬ್ಬ ಮನುಷ್ಯ ಒಂದು ಜಾಗದಲ್ಲಿ ಕೂತು ನುಡಿಸಿದ ಹಾಗೆ ಕೇಳಬೇಕು. ಕೆಟ್ಟದರಲ್ಲಿ ಗುಮ್ಕಿ ಎಲ್ಲೋ ದೂರದ ಕೋಣೆಯಲ್ಲಿ, ಟಕ್ ಮಾತ್ರ ಕಿವಿಯ ಪಕ್ಕದಲ್ಲೇ, ನಡುವಿನ ಆ ನಾದ ಇದ್ದೂ ಇಲ್ಲದ ಹಾಗೆ. ಪ್ಲಾಸ್ಟಿಕ್ ಡಬ್ಬ ತಟ್ಟಿದ ಹಾಗಾಗುತ್ತದೆ. ಒಮ್ಮೆ ಗಮನಿಸಿದರೆ ಸಾಕು, ಮತ್ತೆ ಮರೆಯಲು ಆಗುವುದಿಲ್ಲ.

ಒಂದು ತನಿ ಆವರ್ತನ, ಅಂದರೆ ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಹಾಕಿಕೊಳ್ಳಿ, ಮೃದಂಗದ ಜೊತೆ ಘಟವೂ ಇದ್ದರೆ ಇನ್ನೂ ಒಳ್ಳೆಯದು. ಘಟದ ಮಣ್ಣಿನ ಗಟ್ಟಿ ಸದ್ದಿಗೂ ಮೃದಂಗದ ಚರ್ಮದ ಸದ್ದಿಗೂ ಸ್ಪಷ್ಟ ವ್ಯತ್ಯಾಸ ಗೊತ್ತಾಗಬೇಕು. ಆಮೇಲೆ ತಂಬೂರಿ. ಅದರ ಝೇಂಕಾರದಲ್ಲಿ ಉಪಸ್ವರಗಳು ಒಂದಾದ ಮೇಲೊಂದು ಅರಳುತ್ತವೆ. ಆ ಅರಳುವಿಕೆ ನಡುವೆ ಎಲ್ಲೋ ಥಟ್ಟನೆ ಜೋರಾದರೆ, ಅಲ್ಲಿ ಟ್ಯೂನಿಂಗ್‌ನಲ್ಲಿ ಒಂದು ಗುಡ್ಡ ಇದೆ ಅಂತ ಅರ್ಥ. ಕೊನೆಗೆ ಒಂದು ಹಳೆಯ ಮೋನೊ ರೆಕಾರ್ಡಿಂಗ್, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂಥದ್ದು. ದನಿ ತಲೆಯ ನಟ್ಟನಡುವೆ ಕೇಳಬೇಕು. ಒಂದು ಕಡೆಗೆ ವಾಲಿದರೆ ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿ, ಸರಿಮಾಡಿ ನೋಡಿ. ಆಗಲೂ ವಾಲಿದರೆ ಎಡ ಬಲ ಹೊಂದಿಲ್ಲ, ವಾಪಸ್ ಕಳಿಸಿ. ಅಗ್ಗದ ಸೆಟ್‌ಗಳಲ್ಲಿ ಇದು ಅಪರೂಪವೇನಲ್ಲ.

ಎರಡನ್ನು ಹೋಲಿಸುವಾಗ ಒಂದು ಎಚ್ಚರ. ವಾಲ್ಯೂಮ್ ಒಂದೇ ಸಮ ಇರಲಿ. ಸ್ವಲ್ಪ ಜೋರಾಗಿ ಕೇಳುವುದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ, ಬೇಸ್ ಕೂಡ ಜಾಸ್ತಿ ಅನಿಸುತ್ತದೆ. ಈ ಬೇಸ್ ವಿಷಯವನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ.

ಯಾವ ಸ್ವರ ಎಷ್ಟು ಜೋರು ಅಂತ ಅಳೆದು ತೋರಿಸುವ ಗ್ರಾಫ್ ನೋಡಬೇಕಾ ಅಂತ ಕೇಳಬಹುದು. ನೋಡಿ, ಖಂಡಿತ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಬಹಳಷ್ಟು ಜನರಿಗೆ ಕೇಳಿಸಿ, ಹೆಚ್ಚಿನವರಿಗೆ ಹಿಡಿಸುವ ಒಂದು ಗೆರೆಯನ್ನು ಹುಡುಕಿದರು. ಅದರಿಂದ ತೀರಾ ದೂರ ಇರುವುದನ್ನು ಬಿಟ್ಟುಬಿಡಲು ಗ್ರಾಫ್ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಆದರೆ 8,000 ಹರ್ಟ್ಸ್ ಸುತ್ತ ಕಾಣುವ ಚೂಪು ಶಿಖರವನ್ನು ನೋಡಿ ಗಾಬರಿ ಬೀಳಬೇಡಿ. ಎಷ್ಟೋ ಸಲ ಅದು ಅಳೆಯುವ ಯಂತ್ರದ ಕೊಳವೆಯದು. ನಿಮ್ಮ ಕಿವಿಯಲ್ಲಿ ಅದು ಎಲ್ಲಿ ಬರುತ್ತದೆ ಅನ್ನುವುದು ಇಯರ್‌ಫೋನ್ ಎಷ್ಟು ಒಳಗೆ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಲ್ಟಿ ಡ್ರೈವರ್ ಐಇಎಂಗಳ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಹಾಗಾಗಿ ಯಾವ ಫೋನಿಗೆ, ಯಾವ ಡಾಂಗಲ್‌ಗೆ (ಫೋನಿಗೂ ಇಯರ್‌ಫೋನಿಗೂ ನಡುವೆ ಹಾಕುವ ಪುಟ್ಟ ಸಾಧನ) ಚುಚ್ಚುತ್ತೀರಿ ಅನ್ನುವುದರ ಮೇಲೆ ಅದರ ದನಿಯೇ ಬದಲಾಗಬಹುದು. ಟ್ರೂಥಿಯರ್ ಕಂಪನಿ 2023ರಲ್ಲಿ ಝೀರೋ ರೆಡ್ ಅಂತ ಒಂದು ಐಇಎಂ ತಂದಾಗ ಡಬ್ಬದಲ್ಲೇ 10 ಓಮ್‌ನ ಒಂದು ಅಡಾಪ್ಟರ್ ಇಟ್ಟಿತ್ತು. ನಡುವೆ ಅದನ್ನು ಸೇರಿಸಿದರೆ ಬೇಸ್ ಏರುತ್ತದೆ. ಆ್ಯಪ್ ಬೇಡ, ಬಟನ್ ಬೇಡ, ಒಂದು ರೆಸಿಸ್ಟರ್ ಸಾಕು. ಜಾಣತನದ ಕೆಲಸ. ಅದೇ ಕೆಲಸ ಹಳೆಯ ಆಂಪ್ಲಿಫೈಯರ್ ಒಂದು ನಿಮಗೆ ಗೊತ್ತಿಲ್ಲದೆಯೇ ಮಾಡಿಬಿಡಬಹುದು. ಆಮೇಲೆ ನೀವು ಇಯರ್‌ಫೋನನ್ನು ಬೈಯುತ್ತೀರಿ. ಒಂದು ಸಾಧಾರಣ ಡಾಂಗಲ್ ಇದ್ದರೆ ಸಾಕು, ಅದರ ಔಟ್‌ಪುಟ್ ಇಂಪೀಡೆನ್ಸ್ ಒಂದೆರಡು ಓಮ್ ಒಳಗಿರಲಿ. ಬೆಳ್ಳಿ ತಂತಿ, ಎಂಟು ಎಳೆಯ ತಂತಿ ಇವೆಲ್ಲ ಶೋಕಿ. ಆ ದುಡ್ಡಿಗೆ ಮೂರು ನಾಲ್ಕು ಬಗೆಯ ಟಿಪ್ ತಗೊಳ್ಳಿ. ಟಿಪ್ ಕಿವಿಗೆ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಬೇಸ್ ಸೋರಿಹೋಗುತ್ತದೆ, ಎಷ್ಟು ಡ್ರೈವರ್ ಇದ್ದರೂ ಅಷ್ಟೇ.

ಹಾಗಾದರೆ ಒಂದೇ ಡ್ರೈವರ್ ಇರುವುದೇ ಮೇಲಾ? ಹಾಗೂ ಹೇಳುವುದಿಲ್ಲ. ಆದರೆ ನೋಡಿ, 1991ರ ಎಟಿಮೋಟಿಕ್ ಇಆರ್4ರಲ್ಲಿ ಇದ್ದದ್ದು ಒಂದೇ ಬಿಎ, ಇವತ್ತಿಗೂ ಅದರ ಹೆಸರು ಹೇಳುವವರು ಇದ್ದಾರೆ. 2021ರಲ್ಲಿ ಸೆನ್‌ಹೈಸರ್ ಐಇ 900 ಬಂದಾಗ ಬೆಲೆ 1,300 ಡಾಲರ್, ಒಳಗೆ ಇದ್ದದ್ದು 7 ಮಿಲಿಮೀಟರ್‌ನ ಒಂದೇ ಡೈನಾಮಿಕ್. ಲಕ್ಷ ರೂಪಾಯಿ ತಗೊಂಡೂ ಒಂದೇ ಸಾಕು ಅಂದವರು ಇರುವಾಗ, ಮೂರು ಸಾವಿರಕ್ಕೆ ಹತ್ತು ಕೊಡುತ್ತೇನೆ ಅಂದವರ ಮೇಲೆ ಸ್ವಲ್ಪ ಅನುಮಾನ ಇರಬೇಕಲ್ವಾ.

ನನ್ನ ಲೆಕ್ಕ ಹೀಗೆ. ಎರಡು ಮೂರು ಸಾವಿರದ ಒಳಗೆ ಆದರೆ ಒಂದು ಡೈನಾಮಿಕ್ ಇರುವುದನ್ನೇ ತಗೊಳ್ಳಿ. ಮೂನ್‌ಡ್ರಾಪ್ ಚು, 7ಹರ್ಟ್ಸ್ ಸಾಲ್ನೋಟ್ಸ್ ಝೀರೋ ಇವೆಲ್ಲ 2022ರಲ್ಲಿ ಸುಮಾರು 20 ಡಾಲರ್‌ಗೆ ಬಂದು, ಅದರ ಎರಡು ಮೂರರಷ್ಟು ಬೆಲೆಯ ಎಷ್ಟೋ ಮಲ್ಟಿ ಡ್ರೈವರ್‌ಗಳನ್ನು ನಾಚಿಸಿದವು. ಬೇಸ್ ಕಮ್ಮಿ ಅನಿಸಿದರೆ ಫೋನಿನಲ್ಲಿ ಈಕ್ವಲೈಜರ್ ಇದೆ, ಪುಕ್ಕಟೆ. ಐದು ಸಾವಿರದ ಹತ್ತಿರ ಹೋದರೆ ಝೀರೋ ರೆಡ್ ಥರ ಎರಡು ಡೈನಾಮಿಕ್ ಇರುವುದನ್ನು ಕೇಳಬಹುದು. ಅಲ್ಲಿ ದೊಡ್ಡ ಡ್ರೈವರ್ ಬೇಸ್ ಮಾತ್ರ ನೋಡಿಕೊಳ್ಳುತ್ತದೆ, ಚಿಕ್ಕದು ಉಳಿದದ್ದೆಲ್ಲ. ಎರಡೂ ಒಂದೇ ಜಾತಿ, ಹಾಗಾಗಿ ದನಿ ಹೊಂದಿಕೊಳ್ಳುವುದು ಸುಲಭ. ಬಿಎ ಬೇಕೇ ಬೇಕು ಅನ್ನುವವರು ಇನ್ನೂ ಸ್ವಲ್ಪ ಕೂಡಿಸಿಟ್ಟು, 80 ಡಾಲರ್ ಬೆಲೆಗೆ ಬಂದ ಟ್ರೂಥಿಯರ್ ಹೆಕ್ಸಾ ಕೇಳಿ ನೋಡಿ. ಕಿವಿಗೆ ಒಂದು ಡೈನಾಮಿಕ್, ಮೂರು ಬಿಎ. ಸದ್ದು ಶಾಂತ. ಕುಣಿಸುವುದಿಲ್ಲ, ಬೇಸ್ ಪ್ರಿಯರಿಗೆ ಸಪ್ಪೆ ಅನಿಸಬಹುದು. ಆದರೆ ತನಿ ಆವರ್ತನ ಹಾಕಿದರೆ ಮೃದಂಗ ಚೂರುಚೂರಾಗುವುದಿಲ್ಲ, ಒಂದೇ ವಾದ್ಯವಾಗಿ ನಿಲ್ಲುತ್ತದೆ. ಈ ಬೆಲೆಗೆ ನನಗೆ ಅದು ಸಾಕು.

ಒಂದು ಮಾತು. ಝೀರೋ ರೆಡ್‌ನ ನಾಝಲ್ ದಪ್ಪ. ಕಿವಿಯ ತೂತು ಚಿಕ್ಕದಿರುವವರಿಗೆ ಒಂದು ಗಂಟೆಯಲ್ಲಿ ನೋವು ಶುರುವಾಗಬಹುದು. ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ಟಿಪ್ ಬಿಚ್ಚಿದ ಮೇಲೂ ತಗೊಳ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಸಿಗೋಣ, ನಮಸ್ಕಾರ.