ಸೊನ್ನೆಯಿಂದ ಎಣಿಸಿ

ಕೋಲಾರದ ಕೇಳುಗರಿಗೆ ನಮಸ್ಕಾರ. ಭೌತಶಾಸ್ತ್ರ ಒಲಿಂಪಿಯಾಡ್‌ಗೆ ತಯಾರಿ ಹೇಗೆ ಎಂದು ಹೇಳಲು ಕರೆದಿದ್ದಾರೆ. ಪಿಯುಸಿ ಮಕ್ಕಳೇ, ನನ್ನದು ಒಂದೇ ಮಾತು: ಅಳೆಯುವುದನ್ನು ಕಲಿಯಿರಿ. ಅಳತೆಯೊಳಗೆ ಬೇಡದ್ದು ಏನು ನುಸುಳಿದೆ ಎಂದು ಹುಡುಕಿ.

ನಿಮ್ಮ ಜಿಲ್ಲೆಯ ಕೆಜಿಎಫ್ ಅನ್ನೇ ನೋಡಿ. 1960ರ ದಶಕದ ಆರಂಭದಲ್ಲಿ ಆ ಚಿನ್ನದ ಗಣಿಯ ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ವಿಜ್ಞಾನಿಗಳು ಉಪಕರಣ ಇಟ್ಟರು. ಸುಮಾರು ಎರಡು ತಿಂಗಳು ಕಾದರೂ ಆಕಾಶದಿಂದ ಸುರಿಯುವ ಮ್ಯೂಆನ್ ಎಂಬ ಸೂಕ್ಷ್ಮ ಕಣ ಒಂದೂ ಬರಲಿಲ್ಲ. ಅದೇ ಶುಭವಾರ್ತೆ! ಯಾವುದಕ್ಕೂ ಬಡಿಯದೆ ಎಲ್ಲವನ್ನೂ ತೂರಿಹೋಗುವ, ಬಲು ಅಪರೂಪಕ್ಕೆ ಮಾತ್ರ ಬಡಿಯುವ ನ್ಯೂಟ್ರಿನೋ ಕಣವನ್ನು ಹಿಡಿಯಬೇಕಾದರೆ ಮೇಲಿನಿಂದ ಸುರಿಯುವ ಮ್ಯೂಆನ್‌ಗಳ ಗದ್ದಲ ಅಡಗಬೇಕು, ಬಂಡೆ ಜರಡಿಯಾಗಿತ್ತು. ಆಮೇಲೆ 2.3 ಕಿಲೋಮೀಟರ್ ಆಳದಲ್ಲಿ ಅಡ್ಡಡ್ಡ ಬರುವ ಕಣಗಳಿಗೆ ಹೊಂಚುಹಾಕಿದರು. ನೆತ್ತಿಯ ಕಡೆಯಿಂದ ಬಂದದ್ದು ಅಳಿದುಳಿದ ಮ್ಯೂಆನ್ ಇರಬಹುದು. ಅಡ್ಡದಿಕ್ಕಿನಲ್ಲಿ ಅಷ್ಟೊಂದು ಬಂಡೆ ತೂರಿ ಬರಲು ಅದಕ್ಕೆ ಆಗದು. ಹಾಗೆ ಬಂದದ್ದು, ನ್ಯೂಟ್ರಿನೋ ಪಕ್ಕದ ಬಂಡೆಗೆ ಬಡಿದು ಹುಟ್ಟಿದ್ದು. 1965ರಲ್ಲಿ ಅಂಥದ್ದು ಸಿಕ್ಕೇಬಿಟ್ಟಿತು.

ನಿಮಗೆ ಗಣಿ ಬೇಡ. ಲೋಲಕ ಕಟ್ಟಿ ಗುರುತ್ವದ ವೇಗೋತ್ಕರ್ಷ, ಅಂದರೆ ಜಿ, ಅಳೆಯಲು ಹಿಗ್ಗದ ದಾರ, ಒಂದು ಗುಂಡು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ದಾರವನ್ನು ಕಿಟಕಿ ಸರಳಿಗೆ ಸುತ್ತಬೇಡಿ, ತೂಗುವಾಗ ಉದ್ದ ಬದಲಾಗುತ್ತದೆ. ಸೀಳಿದ ರಬ್ಬರಿನ ನಡುವೆ ಸಿಕ್ಕಿಸಿ ಬಿಗಿಹಿಡಿಸಿ. ಗುಂಡಿನ ನಡುಮಧ್ಯದವರೆಗೆ 100 ಸೆಂಟಿಮೀಟರ್ ಇರಲಿ. ಐದು ಡಿಗ್ರಿಗಿಂತ ಹೆಚ್ಚು ಎಳೆಯಬೇಡಿ.

ಒಂದು ಆಂದೋಲನಕ್ಕೆ, ಅಂದರೆ ಗುಂಡು ಒಮ್ಮೆ ಹೋಗಿ ಮರಳಲು, ಸುಮಾರು 2 ಸೆಕೆಂಡು. ಬೆರಳು 0.2 ಸೆಕೆಂಡು ತಪ್ಪಿದರೆ ಶೇಕಡ 10 ತಪ್ಪು. ಲೋಲಕದ ಸೂತ್ರದಲ್ಲಿ ಕಾಲದ ವರ್ಗವಿದೆ, ಹಾಗಾಗಿ ಜಿ ಬೆಲೆಯಲ್ಲಿ ಅದು ಶೇಕಡ 20. ಇಪ್ಪತ್ತು ಆಂದೋಲನ ಒಟ್ಟಿಗೆ ಅಳೆಯಿರಿ, ಜಿ ಬೆಲೆಯ ತಪ್ಪು ಶೇಕಡ 1ಕ್ಕೆ ಇಳಿಯುತ್ತದೆ. ಗುಂಡು ತುದಿಯಲ್ಲಿ ಅರೆಕ್ಷಣ ತಂಗುತ್ತದೆ, ಅಲ್ಲಿ ಗುಂಡಿ ಒತ್ತಬೇಡಿ. ಅದು ವೇಗವಾಗಿ ಓಡುವ ನಟ್ಟನಡುವೆ ಒತ್ತಿ. ಒತ್ತುವಾಗ 'ಸೊನ್ನೆ' ಎನ್ನಿ. ದಯವಿಟ್ಟು 'ಒಂದು' ಎನ್ನಬೇಡಿ! ಆಗ ನೀವು ಅಳೆದದ್ದು ಹತ್ತೊಂಬತ್ತೇ, ಜಿ 9.8ರ ಬದಲು 10.8 ದಾಟುತ್ತದೆ. ಅಂಥ ಉತ್ತರ ಬಂದರೆ ಗುರುತ್ವವನ್ನು ಬಯ್ಯದೆ ಎಣಿಕೆ ನೋಡಿ.

ಇನ್ನು 40ರಿಂದ 120 ಸೆಂಟಿಮೀಟರ್ ನಡುವೆ ಐದು ಉದ್ದಗಳಿಗೆ ಮಾಡಿ, ಕಾಲದ ವರ್ಗ ಮತ್ತು ಉದ್ದದ ಗ್ರಾಫ್ ಎಳೆಯಿರಿ. ಗೆರೆ ಮೂಲಬಿಂದು ತಪ್ಪಿಸಿತೇ? ಬಹುಶಃ ಗುಂಡಿನ ಕೊಕ್ಕೆಯವರೆಗೆ ಮಾತ್ರ ಉದ್ದ ಅಳೆದಿದ್ದೀರಿ. ಆದರೂ ಇಳಿಜಾರು ಸರಿಯಾದ ಜಿ ಕೊಡುತ್ತದೆ. ಸೂತ್ರ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯುವುದಿಲ್ಲ, ಮಕ್ಕಳೇ.

ಸಮಯವಾಯಿತೆಂದು ಸನ್ನೆ ಬರುತ್ತಿದೆ. ಒಲಿಂಪಿಯಾಡ್‌ನ ಮೊದಲ ಮೆಟ್ಟಿಲು ನವೆಂಬರಿನಲ್ಲಿ ನಡೆಯುವ ಎನ್‌ಎಸ್‌ಇಪಿ ಎಂಬ ರಾಷ್ಟ್ರಮಟ್ಟದ ಭೌತಶಾಸ್ತ್ರ ಪರೀಕ್ಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದರಿಂದ ಊಹೆ ಬೇಡ. ಹೆಸರು ನೋಂದಣಿ ತಿಂಗಳುಗಳ ಮುಂಚೆಯೇ ಮುಗಿಯುತ್ತದೆ, ನಿಮ್ಮ ಉಪನ್ಯಾಸಕರನ್ನು ಕೇಳಿ. ಅಂತರರಾಷ್ಟ್ರೀಯ ಹಂತದಲ್ಲಿ 50 ಅಂಕಗಳಲ್ಲಿ 20 ಪ್ರಯೋಗಕ್ಕೇ. ದಾರ ಇವತ್ತೇ ಕಟ್ಟಿ.